ಹೋಸು ಬದಲಿಸುವ ಭಾನುವಾರ

ಬೆಂಗಳೂರಿನ ಜ್ಞಾನಭಾರತಿಯಲ್ಲಿ ಭಾನುವಾರ ಬೆಳಿಗ್ಗೆ ಹಳೇ ಕಾರಿನ ಬಾನೆಟ್ ಎತ್ತಿ ನೋಡಿ, ಸಲಹೆಗಾರರಿಗೆ ಬರವೇ ಇಲ್ಲ. ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ವಾಕಿಂಗ್ ಮುಗಿಸಿ ಬರುವ ನಿವೃತ್ತರೊಬ್ಬರು ನೆಲದ ಕೆಂಪು ಎಣ್ಣೆಯನ್ನು ಬೆರಳಲ್ಲಿ ಒರೆಸಿ, ಮೂಸಿ, "ಪವರ್ ಸ್ಟೀರಿಂಗ್ ಹೋಸು ಹೋಗಿದೆ ಸ್ವಾಮಿ" ಎಂದು ತೀರ್ಪು ಕೊಡುತ್ತಾರೆ.

ಹೋಸುಗಳು ಮುಖ್ಯವಾಗಿ ಎರಡು. ಪಂಪಿನಿಂದ ಸ್ಟೀರಿಂಗ್ ರ‍್ಯಾಕಿಗೆ ಎಣ್ಣೆ ನುಗ್ಗಿಸುವ ಪ್ರೆಷರ್ ಹೋಸು ಮಾರ್ಚ್ ತಿಂಗಳ ಬ್ಯಾಂಕ್ ಮ್ಯಾನೇಜರಂತೆ. ಒತ್ತಡವೇ ಅದರ ಬದುಕು. ಟೈರಿನಲ್ಲಿ 30 ಪಿಎಸ್‌ಐ ಆಸುಪಾಸು ಇದ್ದರೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಇಲ್ಲಿ 1000 ದಾಟುವುದುಂಟು. ರಿಟರ್ನ್ ಹೋಸು ಮಾತ್ರ ನಿರಾತಂಕವಾಗಿ ಎಣ್ಣೆಯನ್ನು ಡಬ್ಬಿಗೆ ಮರಳಿಸುತ್ತದೆ. ಅದಕ್ಕೊಂದು ಕ್ಲಾಂಪ್ ಸಾಕು.

"ಸೈಕಲ್ ಟ್ಯೂಬ್ ಸುತ್ತಿಬಿಡಿ" ಎನ್ನುತ್ತಾರೆ ಒಬ್ಬರು. "ಜೆ.ಸಿ. ರೋಡಿಗೆ ಹೋಗಿ ಹೊಸ ಹೋಸು ತನ್ನಿ" ಎನ್ನುತ್ತಾರೆ ಇನ್ನೊಬ್ಬರು. ಎರಡನೆಯವರ ಮಾತು ಕೇಳುವುದೇ ಕ್ಷೇಮ.

ಹೋಸು ಕೂರಿಸಿದರೆ ಮುಗಿಯಲಿಲ್ಲ, ಒಳಗಿನ ಗಾಳಿ ಹೊರಹಾಕಬೇಕು. ಮುಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಟ್ಟು, ಇಂಜಿನ್ ಆಫ್ ಇಟ್ಟು, ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುತ್ತಾ ಎಣ್ಣೆ ತುಂಬಬೇಕು. ಈ ಕೆಲಸಕ್ಕೆ ಕರೆದ ಮಗ ಇಂಜಿನಿಯರಿಂಗ್ ಓದುತ್ತಿರುತ್ತಾನೆ. ಆದರೆ ಕಂಪ್ಯೂಟರ್ ಸೈನ್ಸ್.

1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರು ಪವರ್ ಸ್ಟೀರಿಂಗಿನ ಸುಖವನ್ನು ಮಾರಾಟಕ್ಕಿಟ್ಟಿತು. ಈಗಿನ ಬಹುತೇಕ ಹೊಸ ಕಾರುಗಳಲ್ಲಿ ಸ್ಟೀರಿಂಗ್ ತಿರುಗಿಸಲು ವಿದ್ಯುತ್ ಮೋಟಾರೇ ನೆರವಾಗುತ್ತದೆ. ಹೋಸೂ ಇಲ್ಲ, ಸೋರಿಕೆಯೂ ಇಲ್ಲ.

ಹಳೇ ಕಾರಿನವರಿಗೆ ಒಂದೇ ಮಾತು: ರಿಟರ್ನ್ ಹೋಸು ಮನೆಯಲ್ಲಿ, ಪ್ರೆಷರ್ ಹೋಸು ಗ್ಯಾರೇಜಿನಲ್ಲಿ, ಸಲಹೆ ಎಲ್ಲಿ ಬೇಕಾದರೂ!