ಎಂ.ಡಿ. ಸಾಹೇಬರ ಸ್ಕೋರು

ಇವರನ್ನು ನೀವೂ ಕಂಡಿರುತ್ತೀರಿ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇಂಥವರು ಒಬ್ಬರಾದರೂ ಇದ್ದೇ ಇರುತ್ತಾರೆ. ಬೈಕ್ ಲೋನಿನ ಕಂತು ತಪ್ಪಿದೆ, ಕ್ರೆಡಿಟ್ ಕಾರ್ಡಿನ ಬಾಕಿ ಅರ್ಧಕ್ಕೆ ಸೆಟಲ್ ಆಗಿದೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವುದಿಲ್ಲ. ಸಿಬಿಲ್ ಸ್ಕೋರು 518. 300ರಿಂದ 900ರವರೆಗಿನ ಈ ಲೆಕ್ಕದಲ್ಲಿ 750 ದಾಟಿದವರಿಗೆ ಬ್ಯಾಂಕಿನವರೇ ಫೋನ್ ಮಾಡುತ್ತಾರೆ. ಇವರಿಗೂ ಮಾಡುತ್ತಾರೆ, ವಿಷಯ ಮಾತ್ರ ಬೇರೆ.

ಬೇರೆ ಯಾರಾದರೂ ಆಗಿದ್ದರೆ ತೆಪ್ಪಗಿರುತ್ತಿದ್ದರು. ಇವರು ಪ್ರೈವೇಟ್ ಲಿಮಿಟೆಡ್ ಕಂಪನಿ ತೆಗೆದರು.

ತೆಗೆಯಬಹುದು, ಅಡ್ಡಿಯಿಲ್ಲ. ದಿವಾಳಿ ಎಂದು ಕೋರ್ಟು ಘೋಷಿಸಿದವರನ್ನು 2013ರ ಕಂಪನಿ ಕಾಯ್ದೆ ಡೈರೆಕ್ಟರ್ ಆಗಲು ಬಿಡುವುದಿಲ್ಲ. ಬೈಕಿನ ಕಂತು ತಪ್ಪಿಸಿದವರ ಬಗ್ಗೆ ಅದಕ್ಕೆ ತಕರಾರಿಲ್ಲ. ಮೊದಲೆಲ್ಲ ಕನಿಷ್ಠ ಒಂದು ಲಕ್ಷ ರೂಪಾಯಿ ಬಂಡವಾಳ ಇರಬೇಕಿತ್ತು, 2015ರಲ್ಲಿ ಅದೂ ಹೋಯಿತು. ಇದನ್ನು ಸಾಹೇಬರು ನನಗೆ ತಿಳಿಸಿದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ಸುದ್ದಿ ಹೇಳುವ ದನಿಯಲ್ಲಿ.

ಇಬ್ಬರು ಡೈರೆಕ್ಟರು ಬೇಕು: ಒಬ್ಬರು ಇವರು, ಇನ್ನೊಬ್ಬರು ಇವರ ಮನೆಯವರು. ಡಿಜಿಟಲ್ ಸಹಿ, ಅರ್ಜಿ, ಅದೂ ಇದೂ ಎಲ್ಲವನ್ನೂ ಪರಿಚಯದ ಆಡಿಟರು ಮಾಡಿಕೊಟ್ಟರು. ಅವರ ಫೀಸೇ ಕಂಪನಿಯ ಮೊದಲ ಸಾಲ. ರಿಜಿಸ್ಟರ್ಡ್ ಆಫೀಸಿಗೆ ಕರೆಂಟ್ ಬಿಲ್ಲು, ಮನೆ ಮಾಲೀಕರ ಎನ್‌ಒಸಿ ಬೇಕಲ್ಲ? ಬಾಡಿಗೆ ಬಾಕಿ ಕೇಳಲು ಬಂದ ಮಾಲೀಕರಿಗೇ ಕಾಫಿ ಕೊಟ್ಟು ಸಹಿ ಹಾಕಿಸಿಕೊಂಡರು. ‘ಇನ್ಮೇಲೆ ಬಾಡಿಗೆ ಕಂಪನಿ ಕೊಡುತ್ತೆ’ ಅಂದರಂತೆ. ಮಾಲೀಕರು ಸಮಾಧಾನದಿಂದ ಹೋದರು. ಕಂಪನಿ ಕೊಟ್ಟಿದ್ದನ್ನು ನಾನಂತೂ ಕೇಳಿಲ್ಲ.

ಗೇಟಿಗೆ ಬೋರ್ಡು ಬಂತು. ಕಂಪನಿಯ ಹೆಸರಿನಲ್ಲಿ ‘ಗ್ಲೋಬಲ್’ ಇದೆ. ಸದ್ಯಕ್ಕೆ ಹಾಲ್‌ನಲ್ಲಿ ಎರಡು ರಟ್ಟಿನ ಡಬ್ಬ ಹಪ್ಪಳ ಇದೆ. ಸೀಲು ಕಡ್ಡಾಯವಲ್ಲ ಎಂದು ಅದೇ 2015ರ ತಿದ್ದುಪಡಿ ಹೇಳಿದ್ದರೂ ದುಂಡನೆಯದೊಂದು ಮಾಡಿಸಿದ್ದಾರೆ. ಹಾಲಿನವನ ಲೆಕ್ಕದ ಚೀಟಿಯ ಮೇಲೂ ಅದರ ನೇರಳೆ ಗುರುತು ನೋಡಿದ್ದೇನೆ. ಬಾಕಿ ಮಾತ್ರ ಹಾಗೇ ಇತ್ತು.

ಒಂದು ದಿನ ರಿಕವರಿಯ ಹುಡುಗ ಬಂದ. ಸಾಹೇಬರು ಒಳಗಿನಿಂದ ಎರಡು ಪ್ಯಾನ್ ಕಾರ್ಡ್ ತಂದು ಪಕ್ಕಪಕ್ಕ ಹಿಡಿದರು.

“ನಾಲ್ಕನೇ ಅಕ್ಷರ ನೋಡಪ್ಪಾ. ಇದರಲ್ಲಿ ಪಿ, ಅಂದ್ರೆ ಮನುಷ್ಯ. ಇದರಲ್ಲಿ ಸಿ, ಅಂದ್ರೆ ಕಂಪನಿ. ಅವನು ಬೇರೆ, ಇದು ಬೇರೆ.”

“ನನಗೆ ಪಿ ಬೇಕು ಸಾರ್.”

“ಪಿ ಊರಲ್ಲಿಲ್ಲ.”

ಕಾನೂನಿನ ಮಟ್ಟಿಗೆ ಅವರ ಮಾತು ಸರಿ. ಕಂಪನಿಯೇ ಬೇರೆ, ಅದರ ಒಡೆಯನೇ ಬೇರೆ ಎಂದು ಇಂಗ್ಲೆಂಡಿನ ಸಾಲೊಮನ್ ಮೊಕದ್ದಮೆಯಲ್ಲಿ 1896ರಲ್ಲೇ ತೀರ್ಪಾಗಿದೆ. ಆ ಸಾಲೊಮನ್ ಚರ್ಮದ ಬೂಟು ತಯಾರಿಸುತ್ತಿದ್ದವನು. ಕಷ್ಟ ಏನೆಂದರೆ, ಸಾಲ ಕೊಡುವ ಬ್ಯಾಂಕಿನವರಿಗೂ ಆ ತೀರ್ಪು ಗೊತ್ತು. ಅದಕ್ಕೇ ಅವರು ಡೈರೆಕ್ಟರುಗಳ ಪರ್ಸನಲ್ ಗ್ಯಾರಂಟಿ ಕೇಳುತ್ತಾರೆ.

ಕಂಪನಿಯ ಹೆಸರಿನಲ್ಲಿ ಸಾಲ ಕೇಳಲು ಗಂಡ ಹೆಂಡತಿ ಇಬ್ಬರೂ ಬ್ಯಾಂಕಿಗೆ ಹೋದರಂತೆ. ಮ್ಯಾನೇಜರು ಫೈಲು ತಿರುವಿ ಹಾಕಿದರು. “ಕಂಪನಿಗೆ ಯಾವ ಕಪ್ಪುಚುಕ್ಕೆಯೂ ಇಲ್ಲ ಸಾರ್.”

“ಹುಟ್ಟಿ ಎರಡು ತಿಂಗಳಾಯ್ತು ಅಷ್ಟೇ,” ಎಂದರು ಸಾಹೇಬರು, ಹೆಮ್ಮೆಯಿಂದ.

“ಡೈರೆಕ್ಟರುಗಳ ಸ್ಕೋರು ಮಾತ್ರ ಒಬ್ಬರದು 518, ಇನ್ನೊಬ್ಬರದು ಮೈನಸ್ ಒಂದು.”

ಸಾಲವನ್ನೇ ಮಾಡದವರಿಗೆ ಸಿಬಿಲ್ ಕೊಡುವ ಅಂಕಿ ಅದು. ಆ ಪುಣ್ಯಾತ್ಗಿತ್ತಿ ಅದುವರೆಗೆ ತುಟಿ ಬಿಚ್ಚಿರಲಿಲ್ಲ. ಸಹಿಗೆಂದು ಕೊಟ್ಟ ಪೆನ್ನು ಹಿಡಿದುಕೊಂಡೇ ಕೇಳಿದರು: “ಇಲ್ಲಿ ಸೈನ್ ಹಾಕಿದ್ರೆ, ಕಂಪನಿ ಕಟ್ಟದಿದ್ರೆ ನನ್ನ ಹತ್ರ ಕೇಳ್ತೀರಾ?”

“ಹೌದು ಮೇಡಂ.”

“ಹಾಗಾದ್ರೆ ನಾನೂ ಊರಲ್ಲಿಲ್ಲ,” ಎಂದು ಪೆನ್ನು ಮೇಜಿನ ಮೇಲಿಟ್ಟು ಎದ್ದರಂತೆ.

ಸಾಹೇಬರು ಕುಗ್ಗಿಲ್ಲ. ನಿನ್ನೆ ಸಂಜೆ ದರ್ಶಿನಿಯಲ್ಲಿ ಸಿಕ್ಕಿದರು. ಕಾಫಿಯ ದುಡ್ಡು ನಾನೇ ಕೊಟ್ಟೆ. ದಪ್ಪ ಕಾಗದದ ವಿಸಿಟಿಂಗ್ ಕಾರ್ಡ್ ನನ್ನ ಜೇಬಿಗೆ ತುರುಕುತ್ತಾ, ಕಂಪನಿಗೆ ಮೂರನೇ ಡೈರೆಕ್ಟರನ್ನು ತಗೊಳ್ಳುವ ಯೋಚನೆ ಇದೆ ಎಂದರು. ಆಮೇಲೆ ಹತ್ತಿರ ಬಂದು, ದನಿ ತಗ್ಗಿಸಿ:

“ನಿಮ್ದು ಸಿಬಿಲ್ ಎಷ್ಟಿದೆ ಸಾರ್?”