ಕಿಟ್ಟಣ್ಣನವರ ಟೈಗರ್ ಮಾತ್

ಪೆಟ್ಟಿಗೆಯ ಮೂಲೆಯಲ್ಲಿ 'ಎಂಟು ವರ್ಷ ಮೇಲ್ಪಟ್ಟವರಿಗೆ' ಎಂದು ಅಚ್ಚಾಗಿದೆ. ಕಿಟ್ಟಣ್ಣನವರಿಗೆ ಅರವತ್ತೇಳು. ಅರ್ಹತೆಯ ಬಗ್ಗೆ ಯಾರೂ ತಕರಾರು ತೆಗೆಯುವಂತಿಲ್ಲ. ಒಳಗಿರುವ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಕಿತ್ತು, ಚಿತ್ರ ನೋಡಿಕೊಂಡು ಅಂಟಿಸಿ, ಬಣ್ಣ ಬಳಿದರೆ ವಿಮಾನ ಸಿದ್ಧ. ಎಂಟು ವರ್ಷದ ಹುಡುಗನಿಗೆ ಒಂದು ಭಾನುವಾರದ ಕೆಲಸ. ಕಿಟ್ಟಣ್ಣನವರು ಈ ಟೈಗರ್ ಮಾತ್‌ಗೆ ಕೈ ಹಾಕಿದಾಗ ಅವರ ಮೊಮ್ಮಗ ಎಲ್‌ಕೆಜಿಯಲ್ಲಿದ್ದ. ಈಗ ಅವನಿಗೆ ಬೀಜಗಣಿತ ಬರುತ್ತದೆ. ವಿಮಾನಕ್ಕೆ ಇನ್ನೂ ಪ್ರೊಪೆಲ್ಲರ್ ಬಂದಿಲ್ಲ.

ಇಂಥವರು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಹುಡುಕಿದರೆ ಬೀದಿಗೊಬ್ಬರು ಸಿಗುತ್ತಾರೆ. ಬ್ಯಾಂಕಿನಿಂದಲೋ ಕಾರ್ಖಾನೆಯಿಂದಲೋ ನಿವೃತ್ತರು. ಮಹಡಿಯ ಮೇಲೊಂದು ಕೋಣೆ, ಮೇಜುದೀಪ, ಹಣೆಗೆ ಕಟ್ಟಿಕೊಳ್ಳುವ ಭೂತಗನ್ನಡಿ. ಓರಗೆಯವರು ಬೆಳಗ್ಗೆ ಪಾರ್ಕಿನಲ್ಲಿ ಕೈ ಮೇಲೆತ್ತಿ ನಗುವುದನ್ನು ಅಭ್ಯಾಸ ಮಾಡುತ್ತಿರುವಾಗ ಇವರು ಉಸಿರು ಬಿಗಿಹಿಡಿದು ಒಂದು ಚೂರು ಪ್ಲಾಸ್ಟಿಕ್ಕಿಗೆ ಉಪ್ಪುಕಾಗದ ತಿಕ್ಕುತ್ತಿರುತ್ತಾರೆ. ಇವರಿಗೆ ಸಂಸಾರವಿದೆ, ಪಿಂಚಣಿಯಿದೆ, ಮೊಣಕಾಲು ನೋವಿದೆ. ಆದರೆ ಬದುಕುವುದು ಮಾತ್ರ ಇಂಚಿಗೆ ಆರಡಿಯ ಲೆಕ್ಕದಲ್ಲಿ.

ಇಂಚಿಗೆ ಆರಡಿ ಅಂದರೆ ಎಪ್ಪತ್ತೆರಡನೇ ಒಂದು. ಈ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಇಳಿಯುವುದಿಲ್ಲ. ಹೊಸ ಕಿಟ್ ಬಂದಾಗ ಬೇರೆಯವರು ಅಂಟಿನ ಸೀಸೆ ಹುಡುಕಿದರೆ ಕಿಟ್ಟಣ್ಣನವರು ವರ್ನಿಯರ್ ಕ್ಯಾಲಿಪರ್ ಹುಡುಕುತ್ತಾರೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಆಡಿಟ್ ಮಾಡಿದ ಕೈ ಅದು.

"ನೋಡಯ್ಯ, ರೆಕ್ಕೆಯ ಹಿಂದಿನ ಅಂಚು. ಅರ್ಧ ಮಿಲಿಮೀಟರ್ ದಪ್ಪ!"

"ತೆಳ್ಳಗೇ ಇದೆಯಲ್ಲ ಕಿಟ್ಟಣ್ಣ."

"ತೆಳ್ಳಗಾ? ಎಪ್ಪತ್ತೆರಡರಿಂದ ಗುಣಿಸು. 36 ಮಿಲಿಮೀಟರ್! ಬಟ್ಟೆ ಹೊದಿಸಿದ ರೆಕ್ಕೆ ಕಣಯ್ಯ ಇದು. ಇವರು ಬಾಗಿಲು ಮಾಡಿಟ್ಟಿದ್ದಾರೆ."

ಹೀಗೆ ಹೇಳುವಾಗ ಅವರ ಮುಖದಲ್ಲಿ ಸಿಟ್ಟು ಇರುವುದಿಲ್ಲ. ಶಾಖೆಯ ಲೆಕ್ಕದಲ್ಲಿ ಹನ್ನೊಂದು ರೂಪಾಯಿ ಕಮ್ಮಿ ಬಂದಾಗ ಅರಳುತ್ತಿದ್ದ ಅದೇ ಸಂತೋಷ ಅರಳುತ್ತದೆ. ಕಿಟ್ ಮಾಡಿದ ಪರದೇಶದ ಕಂಪನಿಯವನು ಎಲ್ಲವನ್ನೂ ಸರಿಯಾಗಿ ಮಾಡಿ ಕಳಿಸಿದ್ದರೆ ಇವರಿಗೆ ಆ ದಿನ ಊಟ ಸೇರುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಟೈಗರ್ ಮಾತ್ ಸಾಮಾನ್ಯ ವಿಮಾನವಲ್ಲ, ನಿಜ. ಡಿ ಹ್ಯಾವಿಲೆಂಡ್ ಕಂಪನಿಯ ಈ ತರಬೇತಿ ವಿಮಾನ ಇಂಗ್ಲೆಂಡಿನಲ್ಲಿ ಮೊದಲು ಹಾರಿದ್ದು 1931ರ ಅಕ್ಟೋಬರ್ 26ರಂದು. ಎಂಟು ಸಾವಿರಕ್ಕೂ ಹೆಚ್ಚು ತಯಾರಾದವು. ಎರಡನೇ ಮಹಾಯುದ್ಧದ ಕಾಲಕ್ಕೆ ಬೇಗಂಪೇಟೆಯಲ್ಲಿ, ಜೋಧಪುರದಲ್ಲಿ ನಮ್ಮ ಹುಡುಗರು ಓನಾಮ ತಿದ್ದಿದ್ದು ಇದರಲ್ಲೇ. ಆಮೇಲೆ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲೂ ವರ್ಷಗಟ್ಟಲೆ ದುಡಿಯಿತು. ಬೆಂಗಳೂರಿನ ಎಚ್‌ಎಎಲ್ ತನ್ನದೇ ಎಚ್‌ಟಿ-2 ತರಬೇತಿ ವಿಮಾನವನ್ನು 1951ರ ಆಗಸ್ಟಿನಲ್ಲಿ ಹಾರಿಸಿತು. ವಾಯುಪಡೆಯಲ್ಲಿ ಟೈಗರ್ ಮಾತ್ ಜಾಗಕ್ಕೆ ಬಂದದ್ದು ಅದೇ. "ಹಾಗಾದರೆ ನಮ್ಮೂರಿನದನ್ನೇ ಮಾಡಬಾರದೆ?" ಎಂದು ಒಮ್ಮೆ ಕೇಳಿದೆ. "ಅದಕ್ಕೆ ಒಂದೇ ಜೊತೆ ರೆಕ್ಕೆ ಕಣಯ್ಯ," ಎಂದರು ಕಿಟ್ಟಣ್ಣ, ನನ್ನ ಅಜ್ಞಾನಕ್ಕೆ ಮರುಗಿ, "ತಂತಿ ಎಲ್ಲಿ ಕಟ್ಟಲಿ?"

ಮದುವೆ ಮನೆಯ ಪಂಕ್ತಿಯಲ್ಲಿ ಅವರ ಪಕ್ಕ ಕೂರಬಾರದು. ಎಲೆಯ ಮೇಲಿನ ತಮ್ಮ ಹಪ್ಪಳವನ್ನೂ ನಮ್ಮ ಹಪ್ಪಳವನ್ನೂ ಒಂದರ ಮೇಲೊಂದು ಹಿಡಿದು ಪಾಠ ಶುರು ಮಾಡುತ್ತಾರೆ. "ಮುಂದಿನ ಸೀಟಲ್ಲಿ ಗುರು. ಹಿಂದೆ ಶಿಷ್ಯ. ಏನಾದರೂ ಎಡವಟ್ಟಾದರೆ ಗುರು ಪ್ಯಾರಾಶೂಟ್ ಕಟ್ಟಿಕೊಂಡು ಎದ್ದು ಹಾರಬೇಕು. ಮೇಲಿನ ರೆಕ್ಕೆ ತಲೆಯ ಮೇಲೇ ಇದ್ದರೆ ಹ್ಯಾಗೆ ಹಾರ್ತಾನೆ? ಅದಕ್ಕೇ ಮೇಲಿನ ರೆಕ್ಕೆ ಮುಂದಕ್ಕೆ ಸರಿಸಿದರು." ಮೇಲಿನ ಹಪ್ಪಳ ಮುಂದಕ್ಕೆ ಸರಿಯುತ್ತದೆ. "ಸರಿಸಿದರೆ ಸಮತೂಕ ತಪ್ಪಿತು. ಅದಕ್ಕೆ ರೆಕ್ಕೆಗಳನ್ನ ಹಿಂದಕ್ಕೆ ಓರೆ ಮಾಡಿದರು." ಹಪ್ಪಳ ಓರೆಯಾಗಿ, ಮುರಿದು, ಎದುರಿನವರ ಪಾಯಸದಲ್ಲಿ ಇಳಿಯುತ್ತದೆ. ಕಿಟ್ಟಣ್ಣನವರ ದುಃಖ ಹಪ್ಪಳದ್ದಲ್ಲ. ಆ ಓರೆಯನ್ನು ಕಿಟ್‌ನವನು ಅರ್ಧ ಡಿಗ್ರಿ ನುಂಗಿದ್ದಾನೆ ಎಂಬುದು.

ಕಿಟ್‌ನಲ್ಲಿ ಬಂದದ್ದನ್ನೆಲ್ಲ ತೆಗೆದುಹಾಕಿ, ಅದೇ ಭಾಗವನ್ನು ತಾವೇ ಮೊದಲಿಂದ ಮಾಡುವುದು ಈ ಜಾತಿಯವರ ಕಸುಬು. ಸೀಟು ಎಸೆದರು, ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸದು ಬಂತು. ಟೂತ್‌ಪೇಸ್ಟ್ ಟ್ಯೂಬನ್ನು ಸೀಳಿ ಸೀಟಿನ ಬೆಲ್ಟು ಕತ್ತರಿಸಿದರು. ಹೀಗಾಗಿ ಆ ಮನೆಯಲ್ಲಿ ಯಾವ ವಸ್ತುವೂ ತನ್ನ ಆಯುಷ್ಯ ಮುಗಿಸಿ ಕಸದ ಬುಟ್ಟಿಗೆ ಹೋಗುವುದಿಲ್ಲ. ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ ದಿನ ಮನೆಯವರೆಲ್ಲ ಸಪ್ಪಗಾಗಿದ್ದರೆ ಇವರು ಇನ್ಸುಲಿನ್ ಸೂಜಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಾಲು ಮಿಲಿಮೀಟರ್ ದಪ್ಪ, ಒಳಗೆ ತೂತು ಬೇರೆ! ರೆಕ್ಕೆಯ ಕಂಬಕ್ಕೆ ಕಟ್ಟುವ ವೇಗಮಾಪಕದ ಕೊಳವೆಗೆ ಹೇಳಿ ಮಾಡಿಸಿದ ಅಳತೆ.

ಗುರುವಿನ ಬೈಗುಳ ಶಿಷ್ಯನ ಕಿವಿಗೆ ತಲುಪಲೆಂದು ಆ ವಿಮಾನದಲ್ಲಿ ಒಂದು ರಬ್ಬರ್ ಕೊಳವೆ ಇರುತ್ತಿತ್ತು. ಅದನ್ನು ಮಾಡಲು ಸಣ್ಣ ತಾಮ್ರದ ತಂತಿ ಬೇಕಾಗಿ ಎಸ್‌ಪಿ ರೋಡಿಗೆ ಹೋದಾಗ ನಾನೂ ಜೊತೆಗಿದ್ದೆ. ಅಂಗಡಿಯವನು ಉರುಳೆ ಇಳಿಸಿ, "ಎಷ್ಟು ಕೆಜಿ ಸಾರ್?" ಎಂದ. "ಹದಿನೈದು ಮಿಲಿಮೀಟರ್ ಸಾಕು," ಎಂದರು ಕಿಟ್ಟಣ್ಣ. ಅಂಗಡಿಯವನು ಅವರ ಮುಖ ನೋಡಿದ, ನನ್ನ ಮುಖ ನೋಡಿದ, ಒಂದು ಮೊಳ ಕತ್ತರಿಸಿ ಕೈಗಿಟ್ಟು, "ದುಡ್ಡು ಬೇಡ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳಿ" ಎಂದ. ಪಾರ್ಕಿಂಗಿಗೆ ಮಾತ್ರ ಮೂವತ್ತು ರೂಪಾಯಿ ಕೊಟ್ಟೆವು.

ಈ ನಡುವೆ ಅಡುಗೆಮನೆಯ ನಲ್ಲಿ ಸೋರುತ್ತಿತ್ತು. ಅತ್ತಿಗೆ ಕೆಳಗಿನಿಂದ ಕೂಗಿದಾಗ ಕಿಟ್ಟಣ್ಣ ಪೆಟ್ರೋಲಿನ ನಲ್ಲಿಗೆ ಹಿಡಿ ಕೂರಿಸುತ್ತಿದ್ದರು. "ಇಲ್ಲೂ ಅದೇ ಕೆಲಸ ನಡೀತಿದೆ ಕಣೇ!" ಕೊನೆಗೆ ಅತ್ತಿಗೆಯೇ ಪ್ಲಂಬರನ್ನು ಕರೆಸಿದರು. ಅವನೂ ಮೇಲಿನಿಂದ ಬೇಗ ಇಳಿಯಲಿಲ್ಲ. ಟೈಗರ್ ಮಾತ್‌ನ ಪೆಟ್ರೋಲ್ ಟ್ಯಾಂಕು ಮೇಲಿನ ರೆಕ್ಕೆಯ ನಡುವಿನಲ್ಲಿದೆ, ಪಂಪೇ ಇಲ್ಲ, ನಮ್ಮ ತಾರಸಿಯ ಸಿಂಟೆಕ್ಸಿನಿಂದ ಬಚ್ಚಲಿಗೆ ನೀರು ಇಳಿದಂತೆ ತಾನಾಗಿ ಎಂಜಿನ್ನಿಗೆ ಇಳಿಯುತ್ತದೆ ಎಂದು ಕೇಳಿದಾಗ ಅವನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಬಾಲ್ ವಾಲ್ವ್ ಹಾಕಿದಾರಾ ಸಾರ್?" ಎಂದು ಕೇಳಿದನಂತೆ. ಅಂದಿನಿಂದ ಕಿಟ್ಟಣ್ಣನವರಿಗೆ ನನಗಿಂತ ಅವನ ಮೇಲೆ ಗೌರವ ಜಾಸ್ತಿ.

ದಿಕ್ಸೂಚಿಯ ಪ್ರಕರಣ ಹೇಳಲೇಬೇಕು. ಅಸಲಿ ದಿಕ್ಸೂಚಿ ಒಂದು ಸಣ್ಣ ಬಟ್ಟಲಿನಷ್ಟು ದೊಡ್ಡದು. ಎಪ್ಪತ್ತೆರಡರಿಂದ ಭಾಗಿಸಿದರೆ ಸರಿಯಾಗಿ ಒಂದು ಸಾಸಿವೆ ಕಾಳು. ಪ್ಲಾಸ್ಟಿಕ್ ಕಡ್ಡಿಯ ತುಂಡನ್ನು ಕಡೆದು, ಕಪ್ಪು ಬಳಿದು, ಮೇಲೆ ಬಿಳಿ ಗೀರು ಎಳೆದು, ಹೆಂಡತಿಗೆ ತೋರಿಸಲೆಂದು ಚಿಮಟದಲ್ಲಿ ಹಿಡಿದು ಅಡುಗೆಮನೆಗೆ ಇಳಿದುಬಂದರು. ಪಾಪ, ಇಷ್ಟು ವರ್ಷದಲ್ಲಿ ಅವರಾಗಿಯೇ ತೋರಿಸಲು ಬಂದದ್ದು ಅಂದೇ. ಚಿಮಟ ಕೊಂಚ ಬಿಗಿಯಾಯಿತು. ದಿಕ್ಸೂಚಿ ಟಣ್ಣನೆ ಹಾರಿತು.

"ಯಾರೂ ಕಾಲೆತ್ತಬೇಡಿ!"

ಅತ್ತಿಗೆ ಸೌಟು ಹಿಡಿದು ನಿಂತಲ್ಲೇ ನಿಂತರು. ಪೇಪರ್ ಕೇಳಲು ಬಂದಿದ್ದ ನನಗೆ ಟಾರ್ಚು ಕೊಟ್ಟು ಫ್ರಿಜ್ಜಿನ ಕೆಳಗೆ ನುಗ್ಗಿಸಿದರು. ಅಲ್ಲಿ ಒಂದು ಚಮಚ, ಹೋದ ವರ್ಷದ ಎಳ್ಳುಬೆಲ್ಲದ ಚೂರು, ಒಂದು ಜಿರಲೆ ಸಿಕ್ಕಿದವು. ಹಿತ್ತಲಿನಿಂದ ಪೊರಕೆ ಹಿಡಿದು ಬಂದ ಕೆಲಸದಾಕೆ ನಾಲ್ಕು ಕಾಲಿನಲ್ಲಿದ್ದ ನಮ್ಮಿಬ್ಬರನ್ನು ನೋಡಿ, "ಏನು ಕಳ್ದೋಯ್ತು?" ಎಂದಳು. ವಿಷಯ ಗೊತ್ತಾದ ಮೇಲೆ ನಿಧಾನವಾಗಿ ಹೇಳಿದಳು: "ಈಗ್ತಾನೆ ಹೊಸ್ಲತ್ರ ಒಂದು ಸಾಸ್ವೆ ಕಾಳು ಬಿದ್ದಿತ್ತು. ಕಾಳು ತುಳೀಬಾರ್ದು ಅಂತ ಎತ್ತಿ ಡಬ್ಬಿಗಾಕ್ದೆ."

ಒಗ್ಗರಣೆ ಡಬ್ಬಿ ಮೇಜಿನ ಮೇಲೆ ಬಂತು. ಕಿಟ್ಟಣ್ಣ ಭೂತಗನ್ನಡಿ ಕಟ್ಟಿ, ಸಾಸಿವೆಯನ್ನು ತಟ್ಟೆಗೆ ಸುರಿದು, ಕಾಳು ಕಾಳನ್ನೇ ಚಿಮಟದಲ್ಲಿ ಹಿಡಿದು ಪರೀಕ್ಷೆಗೆ ಕೂತರು. ಒಲೆ ಆರಿತು. ಸಾರಿಗೆ ಒಗ್ಗರಣೆ ಬೀಳಲಿಲ್ಲ. ಗಂಟೆ ಒಂದಾಯಿತು. ಆಗ ಅತ್ತಿಗೆ ಮಾತಿಲ್ಲದೆ ತಟ್ಟೆಯನ್ನು ಅವರ ಕೈಯಿಂದ ಕಸಿದು, ಕೊಂಚ ಓರೆ ಮಾಡಿ, ಅಂಚನ್ನು ಎರಡು ಸಲ ಬೆರಳಿನಿಂದ ತಟ್ಟಿದರು. ಸಾಸಿವೆಯೆಲ್ಲ ಉರುಳಿ ಡಬ್ಬಿಗೆ ಬಿತ್ತು. ತಳ ಚಪ್ಪಟೆಯಾಗಿದ್ದ ದಿಕ್ಸೂಚಿ ತಟ್ಟೆಯಲ್ಲೇ ಉಳಿಯಿತು.

"ತಳ ಚಪ್ಪಟೆ ಮಾಡಿದ್ದು ನಾನಲ್ವೇನೇ," ಎಂದರು ಕಿಟ್ಟಣ್ಣ.

ಅತ್ತಿಗೆಯ ಉಪಕಾರ ಅಷ್ಟಕ್ಕೇ ಮುಗಿಯಲಿಲ್ಲ. ಎರಡು ರೆಕ್ಕೆಗಳ ನಡುವೆ ತಂತಿ ಕಟ್ಟಬೇಕಲ್ಲ? ಹಾರುವಾಗ ರೆಕ್ಕೆ ಮೇಲಕ್ಕೆ ಮಡಚದಂತೆ ತಡೆಯಲು ಒಂದು ಜೊತೆ, ನೆಲದ ಮೇಲಿರುವಾಗ ಜೋತುಬೀಳದಂತೆ ಹಿಡಿಯಲು ಇನ್ನೊಂದು. ಕಿಟ್‌ನವನು ತಂತಿ ಕೊಡುವುದೇ ಇಲ್ಲ. ಬಿಡಿಭಾಗ ಕಿತ್ತ ಮೇಲೆ ಉಳಿಯುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ ತಿರುಗಿಸುತ್ತ ಕಾಯಿಸಿ, ಅದು ಹೊಳಪು ಬಂದು ಬಳುಕತೊಡಗಿದ ಕ್ಷಣ ಆಚೆ ತೆಗೆದು ಎರಡೂ ಕೈಯಿಂದ ಎಳೆದರೆ ಎಳೆ ಬರುತ್ತದೆ. ಜೋರಾಗಿ ಎಳೆದರೆ ಸಣ್ಣ, ನಿಧಾನಕ್ಕೆ ಎಳೆದರೆ ದಪ್ಪ. ಪರದೆಗೆ ಬೆಂಕಿ ತಗುಲುವವರೆಗೂ ಆ ಕಲೆ ಅಭ್ಯಾಸವಾಯಿತು. ಆಮೇಲೆ ಒಂದು ದಿನ ಬಾಚಣಿಗೆಯಲ್ಲಿ ಸಿಕ್ಕಿಕೊಂಡಿದ್ದ ಕೂದಲಿನ ಮೇಲೆ ಕ್ಯಾಲಿಪರ್ ಬಿತ್ತು. 0.07 ಮಿಲಿಮೀಟರ್. ಎಪ್ಪತ್ತೆರಡರಿಂದ ಗುಣಿಸಿದರೆ ಐದು. ಅದೂ ನರೆಗೂದಲು, ಉಕ್ಕಿನ ಬಣ್ಣ ಹುಟ್ಟಾ ಬಂದದ್ದು, ಬಳಿಯುವ ಕೆಲಸವೇ ಇಲ್ಲ!

"ನಲವತ್ತು ವರ್ಷದಲ್ಲಿ ಈ ಮನುಷ್ಯ ನನ್ನ ಕೂದಲು ಹೊಗಳಿದ್ದು ಅದೇ ಮೊದಲು," ಎಂದರು ಅತ್ತಿಗೆ. "ಡೈ ಹಚ್ಚಬೇಡ ಅಂತ ಕೈ ಮುಗಿದರು ನೋಡು."

ತೊಂದರೆ ಒಂದೇ. ತೇವಕ್ಕೆ ಕೂದಲು ಉದ್ದವಾಗುತ್ತದೆ. ಗಾಳಿಯ ತೇವ ಅಳೆಯುವ ಹಳೆಯ ಯಂತ್ರಗಳಲ್ಲಿ ಕೂದಲನ್ನೇ ಬಳಸುತ್ತಿದ್ದದ್ದು ಈ ಗುಣಕ್ಕಾಗಿಯೇ. ಹಾಗಾಗಿ ಕಿಟ್ಟಣ್ಣನವರ ಟೈಗರ್ ಮಾತ್ ಆಷಾಢದಲ್ಲಿ ಸಡಿಲ, ಶಿವರಾತ್ರಿಗೆ ಬಿಗಿ. ಛತ್ರಿ ಹಿಡಿಯಬೇಕೋ ಬೇಡವೋ ಎಂದು ನಾನೀಗ ಅವರ ಮಹಡಿ ಹತ್ತಿ ನೋಡಿಕೊಂಡು ಬರುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೆ ವಿಮಾನದ ಒಡಲಿನ ಎರಡು ಹೋಳನ್ನು ಸೇರಿಸಿ ಅಂಟಿಸಿದರು. ಸೀಟು, ಬೆಲ್ಟು, ಬೈಗುಳದ ಕೊಳವೆ, ಪೆಟ್ರೋಲಿನ ನಲ್ಲಿ, ದಿಕ್ಸೂಚಿ ಎಲ್ಲವೂ ಒಳಗೆ ಕತ್ತಲಲ್ಲಿ ಕೂತವು. ಈಗ ಒಳಗೇನಿದೆ ಎಂದು ಕಾಣಬೇಕಾದರೆ ಒಂದು ಕಣ್ಣು ಮುಚ್ಚಿ, ಟಾರ್ಚನ್ನು ಓರೆಯಾಗಿ ಹಿಡಿದು, ಹಲ್ಲಿನ ಡಾಕ್ಟರ ಕನ್ನಡಿ ತೂರಿಸಬೇಕು. "ಯಾರಿಗೆ ಕಾಣಲಿ ಅಂತ ಮಾಡಿದಿರಿ?" ಎಂದರೆ "ಇದೆ ಅಂತ ನನಗೆ ಗೊತ್ತಲ್ಲ" ಎನ್ನುತ್ತಾರೆ. ಅದಕ್ಕೆ ಉತ್ತರ ನನ್ನಲ್ಲಿಲ್ಲ. ಹಾಗೆ ನೋಡಿದರೆ ಅವರು ಆಡಿಟ್ ಮಾಡಿ ಬರೆದ ವರದಿಗಳನ್ನೂ ಯಾರೂ ತೆರೆದು ನೋಡಿರಲಾರರು.

ಹೋದ ತಿಂಗಳು ಅವರ ಮನೆಗೆ ಒಬ್ಬ ಹಿರಿಯರು ಬಂದಿದ್ದರು. ಎಂಬತ್ತು ದಾಟಿದವರು, ಹಿಂದೆ ಒಂದು ಫ್ಲೈಯಿಂಗ್ ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಕಿಟ್ಟಣ್ಣ ಮಾಡುತ್ತಿರುವುದು ಯಾವುದೋ ಒಂದು ಟೈಗರ್ ಮಾತ್ ಅಲ್ಲ, ಇವರ ಕ್ಲಬ್ಬಿನದೇ ಒಂದು. ಒಂದೇ ಒಂದು ಮಸುಕು ಫೋಟೊ ಹಿಡಿದು, ಪಕ್ಕದ ಮೇಲಿನ 'ವಿಟಿ' ಅಕ್ಷರಗಳನ್ನೂ ಕೈಯಲ್ಲೇ ಬರೆದಿದ್ದರು. ಹಿರಿಯರು ಕನ್ನಡಕ ಒರೆಸಿ, ವಿಮಾನವನ್ನು ಅಂಗೈ ಮೇಲೆ ಇಟ್ಟುಕೊಂಡು, ಸುತ್ತ ತಿರುಗಿಸಿ ನೋಡಿದರು. ಟಾರ್ಚ್ ಬಿಟ್ಟು ಒಳಗೂ ಇಣುಕಿದರು. ಕಿಟ್ಟಣ್ಣ ಉಸಿರಾಡಲಿಲ್ಲ.

"ಭಾಳ ಚೆನ್ನಾಗಿದೆ ಸ್ವಾಮಿ. ಅದೇ ಗಾಡಿ. ಬಾಗಿಲ ಚಿಲಕ ಸಮೇತ."

ಅತ್ತಿಗೆ ಕಾಫಿ ತಂದರು. ಹಿರಿಯರು ಅರ್ಧ ಲೋಟ ಕುಡಿದು ಇನ್ನೊಮ್ಮೆ ಇಣುಕಿದರು.

"ಆದ್ರೆ ಹಿಂದಿನ ಸೀಟಿನ ಮುಂದೆ ಇದೇನು, ದಿಕ್ಸೂಚಿನಾ? ಈ ಗಾಡೀಲಿ ಅದು ಇರ್ಲಿಲ್ಲ. ರಿಪೇರಿಗೆ ಅಂತ ಬಿಚ್ಚಿ ಕಳಿಸಿದ್ದು, ವಾಪಸ್ ಬರಲೇ ಇಲ್ಲ. ನಾನಿದ್ದಷ್ಟು ದಿನವೂ ಅಲ್ಲಿ ಬರೀ ತೂತು. ಹುಡುಗರೇನು, ಫೀಲ್ಡ್ ಸುತ್ತಲೇ ಸುತ್ತೋರು. ದಿಕ್ಕು ಬೇಕಾದ್ರೆ ಕೆರೆ ಕಾಣೋದು."

ಅತ್ತಿಗೆ ನನ್ನ ಮುಖ ನೋಡಿದರು. ನಾನು ಲೋಟದೊಳಗೆ ನೋಡಿದೆ. ಕಿಟ್ಟಣ್ಣ ಎದ್ದರು. ಕಪಾಟಿನಿಂದ ಬ್ಲೇಡು ತೆಗೆದು ಮೇಜಿನ ಮೇಲಿಟ್ಟರು. ನೋಟ್‌ಬುಕ್ ತೆರೆದು, ಪೆನ್ನಿನ ಮುಚ್ಚಳ ಬಿಚ್ಚಿ, ಹಿರಿಯರ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ತೂತು ಎಷ್ಟು ಅಗಲ ಇತ್ತು ಸಾರ್?"