ಅಕ್ಷರವಿಭ್ರಮಮೀಮಾಂಸೆ: ಧುಪದಾಳ ಪ್ರಕರಣ

ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದಲೂ ಅದರ ಹಿನ್ನೀರಿಗೆ ಬಂದಿಳಿಯುವ ಹಕ್ಕಿಗಳಿಂದಲೂ ಲೋಕವಿದಿತವಾಗಿರುವ ಧುಪದಾಳವೆಂಬ ಗ್ರಾಮವು ಜಾಲಪುಟದ ಟೆಂಪ್ಲೇಟನ್ನು ಪ್ರವೇಶಿಸಿದೊಡನೆ ಯಾವ ಯಾವ ಅವಸ್ಥಾಂತರಗಳನ್ನು ಹೊಂದುವುದೆಂಬುದನ್ನು ಪೂರ್ವಾಚಾರ್ಯರಾರೂ ಸಾಂಗವಾಗಿ ನಿರೂಪಿಸಿಲ್ಲವಾದುದರಿಂದ, ಗಣಕಯುಗದಲ್ಲಿ ಕನ್ನಡದ ಸವಾಲುಗಳನ್ನು ಕುರಿತ ಅಸಂಖ್ಯ ಗೋಷ್ಠಿಗಳಲ್ಲಿ ಕುಳಿತು ಬೆನ್ನು ನೋಯಿಸಿಕೊಂಡಿರುವ ಈ ಲೇಖಕನು ಆ ನ್ಯೂನತೆಯನ್ನು ಪರಿಹರಿಸಲು ಉದ್ಯುಕ್ತನಾಗಿದ್ದಾನೆ.

ಮೊದಲು ಪ್ರಮಾಣವಿಚಾರ. ಧುಪದಾಳವು ಕಣ್ಣಿಗೆ 4 ಅಕ್ಷರ. ಯೂನಿಕೋಡಿನ ಗಣನೆಯಲ್ಲಿ ಧಕಾರ, ಅದರ ಕೊಂಬು, ಪಕಾರ, ದಕಾರ, ಅದರ ಇಳಿ, ಳಕಾರವೆಂದು 6 ಚಿಹ್ನೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ 3 ಬೈಟುಗಳನ್ನು ಬೇಡುವುದರಿಂದ 18 ಬೈಟು. ಈ ಪದ್ಧತಿಯನ್ನು 1992ರಲ್ಲಿ ಕೆನ್ ಥಾಂಪ್ಸನ್ ಎಂಬಾತನು ನ್ಯೂಜೆರ್ಸಿಯ ಒಂದು ಖಾನಾವಳಿಯಲ್ಲಿ, ರಾಬ್ ಪೈಕ್ ಎದುರಿಗಿರಲು, ತಟ್ಟೆಯಡಿಯ ಕಾಗದದ ಮೇಲೆ ರೂಪಿಸಿದನು. ಉಪಸಮಿತಿಯಿರಲಿಲ್ಲ, ದೀಪ ಬೆಳಗಿಸಲಿಲ್ಲ, ಹಾರ ತುರಾಯಿಗಳ ಖರ್ಚೂ ಬೀಳಲಿಲ್ಲ.

ವಿಭ್ರಮವು ಪಂಚವಿಧವು. ಅವುಗಳಲ್ಲಿ ಪ್ರಥಮವಾದ ವರ್ಗಘನವಿಭ್ರಮವು, ಪುಟವು ತನ್ನ ಸಂಕೇತವನ್ನು ಘೋಷಿಸದಿರಲು, ಬ್ರೌಸರು ಅದನ್ನು ಪಾಶ್ಚಾತ್ಯ ಲಿಪಿಯೆಂದು ಊಹಿಸಿದಾಗ ಸಂಭವಿಸತಕ್ಕದ್ದು. ಆಗ ಧುಪದಾಳವು, ನೆತ್ತಿಯ ಮೇಲೆ ಓರೆಗೆರೆ ಹೊತ್ತ ರೋಮನ್ ‘ಎ’ಕಾರದ ಆರು ಆವೃತ್ತಿಗಳಾಗಿ, ಐದು ಕಡೆ ಬೆನ್ನಿಗೆ ವರ್ಗದ 2ನ್ನೂ, ಕೊಂಬಿದ್ದ ಕಡೆ ಘನದ 3ನ್ನೂ ಅಂಟಿಸಿಕೊಂಡು, ಬೀಜಗಣಿತದ ಪ್ರಶ್ನಪತ್ರಿಕೆಯಂತೆ ವಿರಾಜಿಸುವುದು. ಇಲ್ಲಿ ಶ್ರುತಿಸ್ಮೃತಿವಿರೋಧವೂ ವಿಚಾರಣೀಯ: ಸರ್ವರು ಮುಂದಾಗಿ ಕಳುಹಿಸುವ ಹೆಡರಿನ ಮಾತು ಶ್ರುತಿ, ಟೆಂಪ್ಲೇಟಿನೊಳಗಣ ಮೆಟಾ ಸಾಲು ಸ್ಮೃತಿ, ಎರಡಕ್ಕೂ ವಿರೋಧ ಬಂದಲ್ಲಿ ಶ್ರುತಿಯೇ ಬಲೀಯಸಿ. ಸ್ಮೃತಿಯಾದರೂ ಮೊದಲ 1024 ಬೈಟುಗಳೊಳಗೆ ಇರಬೇಕೆಂಬುದು ವಿಧಿ. ಅದಕ್ಕೂ ಮೇಲೆ ಮಾನ್ಯರ, ಸನ್ಮಾನ್ಯರ, ಅಧ್ಯಕ್ಷರ ಬಿರುದಾವಳಿಯನ್ನು ಕನ್ನಡದಲ್ಲಿ ಟಿಪ್ಪಣಿಯಾಗಿ ಬರೆಯುವ ಪದ್ಧತಿಯುಳ್ಳವರು, 341 ಚಿಹ್ನೆಗಳಿಗೇ 1023 ಬೈಟು ತೀರುವುದೆಂಬುದನ್ನು ಲಕ್ಷಿಸತಕ್ಕದ್ದು.

ದ್ವಿತೀಯವು ದ್ವಿಃಸಂಸ್ಕಾರವಿಭ್ರಮ. ಒಮ್ಮೆ ಸಂಸ್ಕಾರ ಹೊಂದಿದ ಅಕ್ಷರಕ್ಕೆ ಅದು ಅಸಂಸ್ಕೃತವೆಂದು ಬಗೆದು ಮತ್ತೊಮ್ಮೆ ಸಂಸ್ಕಾರ ಮಾಡಿದರೆ 18 ಬೈಟು 36 ಆಗುವುದು. ಸಂಖ್ಯಾರೂಪದಲ್ಲಿ ಬರೆದಿಟ್ಟ ಧಕಾರವನ್ನು ಟೆಂಪ್ಲೇಟು ಅತಿಜಾಗರೂಕತೆಯಿಂದ ಪುನಃ ರಕ್ಷಿಸಿದರೆ, ಓದುಗನಿಗೆ ಅಕ್ಷರದ ಬದಲಾಗಿ 3239 ಎಂಬ ಅಂಕಿಯೇ ದರ್ಶನ ಕೊಡುವುದು. ಈ ಎರಡು ವಿಭ್ರಮಗಳಲ್ಲಿಯೂ ಬೈಟುಗಳು ಎಲ್ಲೋ ಸುರಕ್ಷಿತವಾಗಿರುವುದರಿಂದ ವ್ಯಾಧಿಯು ಸಾಧ್ಯವೇ.

ತೃತೀಯವಾದ ಪ್ರಶ್ನಾವಶೇಷವಿಭ್ರಮವು ಅಸಾಧ್ಯ. ಕನ್ನಡವನ್ನೇ ಅರಿಯದ ಲ್ಯಾಟಿನ್-1 ಕೋಷ್ಟಕದೊಳಕ್ಕೆ ಹೆಸರನ್ನು ತುರುಕಿದಾಗ, ಅದು ತನಗೆ ತಿಳಿಯದ ಒಂದೊಂದು ಚಿಹ್ನೆಯ ಬದಲಿಗೂ ಒಂದೊಂದು ಪ್ರಶ್ನೆಚಿಹ್ನೆಯನ್ನಿಟ್ಟು ಮೂಲವನ್ನು ಚೆಲ್ಲಿಬಿಡುತ್ತದೆ. ಧುಪದಾಳಕ್ಕೆ ಆರು. ಅಥಣಿಗೂ ಹುಬ್ಬಳ್ಳಿಗೂ ಅದೇ ಪ್ರಶ್ನೆಚಿಹ್ನೆ, ಎಣಿಕೆಯಷ್ಟೇ ಬೇರೆ. ಪ್ರಶ್ನೆಚಿಹ್ನೆಯಿಂದ ಧಕಾರವನ್ನು ಮರಳಿ ತೆಗೆಯುವ ವಿದ್ಯೆ ಯಾವ ಪಂಡಿತನಲ್ಲಿಯೂ ಇಲ್ಲ.

ಚತುರ್ಥವೂ ಪಂಚಮವೂ ಹಾಗಿರಲಿ. ಒಂದು ಕಚೇರಿಯ ಕಿಟಕಿಯ ಮುಂದೆ, ಊರಿನ ಕಲಮಿನಲ್ಲಿಯೂ ಹೆಸರಿನ ಕಲಮಿನಲ್ಲಿಯೂ ಬರಿಯ ಪ್ರಶ್ನೆಗಳೇ ತುಂಬಿದ್ದ ಕಾಗದವನ್ನು ಹಿಡಿದುಕೊಂಡು ಧುಪದಾಳದ ವೃದ್ಧರೊಬ್ಬರು ನಿಂತಿದ್ದರು. “ಅಜ್ಜಾರ, ಸರ್ವರ್ ಪ್ರಾಬ್ಲೆಮ್ ಐತಿ, ನಾಳಿ ಬರ್ರಿ” ಎಂದಿತು ಒಳಗಿನ ಧ್ವನಿ. “ಹೊಲಾ ನಂದ ಹೌದಲ್ರೀ ಸಾಹೇಬರ?” ಎಂದರು ಅವರು. ಆ ಸರ್ವರಿನಲ್ಲಿ ಯಾವ ದೋಷವೂ ಇರಲಿಲ್ಲ, ಹೇಳಿದಂತೆ ಕೇಳಿತ್ತು. ಹೇಳಬೇಕಾದವನು ಟೆಂಪ್ಲೇಟು, ಹೆಡರು, ದತ್ತಕೋಶದ ಕೋಷ್ಟಕ, ಅದರ ಸಂಪರ್ಕ ಈ ನಾಲ್ಕೆಡೆ ‘ಯುಟಿಎಫ್-8’ ಎಂದು ಬರೆಯುವ ಅರ್ಧ ಗಳಿಗೆಯ ಕೆಲಸವನ್ನು ಮಾಡಿರಲಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಳ ದೊರೆತದ್ದು 1991ರಲ್ಲಿ. ಅಂದಿನಿಂದ ಇಂದಿನವರೆಗೆ ನಾವು ಗೋಷ್ಠಿಗಳನ್ನು ನಡೆಸಿದ್ದೇವೆ, ಶಾಲು ಹೊದಿಸಿದ್ದೇವೆ, ಶಾಸ್ತ್ರೀಯ ಭಾಷೆಯೆಂದು ಬೀಗಿದ್ದೇವೆ; ಈ ಮನುಷ್ಯನ ಹೆಸರನ್ನು ಮಾತ್ರ ಅಳಿಸಿದ್ದೇವೆ, ಅಳಿಸಿ ನಾಳೆ ಬಾ ಎಂದಿದ್ದೇವೆ.

ಹಳೆಯ ಕಾಗದದ ದಫ್ತರು ಗೆದ್ದಲಿಗೆ ಸಿಕ್ಕದೆ ಉಳಿದಿದ್ದರೆ ಹೆಸರುಗಳನ್ನು ಅದರಿಂದ ನೋಡಿ ಮತ್ತೆ ಬೆರಳಚ್ಚಿಸಬಹುದು. ಆದರೆ ಮೊದಲು ಕೋಷ್ಟಕವನ್ನು ಸರಿಪಡಿಸತಕ್ಕದ್ದು. ಇಲ್ಲವಾದರೆ ಹೊಸ ಧುಪದಾಳವೂ ಆರು ಪ್ರಶ್ನೆಗಳಾಗಿಯೇ ಹೊರಬಂದೀತು.